ಹಳೆಯ ಮಸ್ಟ್ಯಾಂಗ್ ಅನ್ನು ರೇಸ್ ಟ್ರ್ಯಾಕಿಗೆ ಇಳಿಸುವ ಮುನ್ನ: ಬಾಡಿ, ಸಸ್ಪೆನ್ಷನ್, ವೀಲ್ – ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಫೋರ್ಡ್ ಕಂಪನಿಯ ಹಳೆಯ ಮಸ್ಟ್ಯಾಂಗ್ ಕಾರು ತಂದವರು ಮೊದಲು ಕೊಳ್ಳುವುದು ವೀಲ್. ನಾವೂ ಅದನ್ನೇ ಮಾಡಿದೆವು. ಕ್ಯಾಲಿಫೋರ್ನಿಯಾದಲ್ಲಿ ನನ್ನ ಗೆಳೆಯ 1966ರ ಕೂಪೆ ಒಂದನ್ನು ತಂದ. ಒಂದೇ ವಾರದಲ್ಲಿ 8 ಇಂಚು ಅಗಲದ ವೀಲ್ ತರಿಸಿ ಹಾಕಿದೆವು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಫೆಂಡರಿಗೆ (ಚಕ್ರದ ಮೇಲಿನ ಹೊರ ತಗಡು) ಉಜ್ಜುತ್ತಿತ್ತು. ಆಮೇಲೆ ಕಾರಿನ ಎತ್ತರ ತಗ್ಗಿಸಿದೆವು, ಅಳತೆ ಎಲ್ಲ ಬದಲಾಯಿತು. ಅದಾದ ಮೇಲೆ ಶಾಕ್ ಟವರಿನ (ಮುಂದಿನ ಸ್ಪ್ರಿಂಗಿನ ಮೇಲ್ತುದಿ ಕೂರುವ ತಗಡಿನ ಗೋಪುರ) ಬುಡದಲ್ಲಿ ಬಿರುಕು ಕಂಡಿತು, ಅದನ್ನು ಸರಿ ಮಾಡಲು ಹಾಕಿದ್ದನ್ನೆಲ್ಲ ಮತ್ತೆ ಬಿಚ್ಚಬೇಕಾಯಿತು. ಮೂರು ತಿಂಗಳು ಹೋಯಿತು, ಆ ವೀಲ್‌ಗಳನ್ನು ಕೊನೆಗೆ ಮಾರಿಬಿಟ್ಟೆವು.

ಹಾಗಾಗಿ ಈ ಬರಹದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ತಗಡು, ಆಮೇಲೆ ಕೀಲು, ಆಮೇಲೆ ಸ್ಪ್ರಿಂಗು, ಕೊನೆಗೆ ವೀಲು. ಈ ಕ್ರಮ ತಪ್ಪಿಸಿದರೆ ಮಾಡಿದ ಕೆಲಸವನ್ನೇ ಎರಡೆರಡು ಸಲ ಮಾಡಬೇಕಾಗುತ್ತದೆ.

ನಾನಿಲ್ಲಿ ಹೇಳುತ್ತಿರುವುದು 1965–66ರ ವಿ8 (ಎಂಟು ಸಿಲಿಂಡರ್ ಎಂಜಿನ್) ಮಸ್ಟ್ಯಾಂಗ್ ಬಗ್ಗೆ. ಇದನ್ನು ಮಸಲ್ ಕಾರ್ (ದೊಡ್ಡ ಎಂಜಿನ್ನಿನ ಬಲಶಾಲಿ ಕಾರು) ಅನ್ನಬಾರದು, ಪೋನಿ ಕಾರ್ (ಸಣ್ಣ ಮೈಯ ಸ್ಪೋರ್ಟಿ ಕಾರು) ಅನ್ನಬೇಕು ಅಂತ ಕೆಲವರು ವಾದ ಮಾಡುತ್ತಾರೆ. ಇರಲಿ. ಅಮೆರಿಕದ ವಿಂಟೇಜ್ (ಹಳೆಯ ಕಾಲದ ಕಾರುಗಳ) ರೋಡ್ ರೇಸಿಂಗ್‌ನಲ್ಲಿ ಅತಿ ಹೆಚ್ಚು ಕಾಣುವ ಕಾರುಗಳಲ್ಲಿ ಇದೂ ಒಂದು, ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆಯ ಕಾರು ಇಲ್ಲ ಅಂತ ನನ್ನ ನಂಬಿಕೆ. 1967–70ರ ಮಸ್ಟ್ಯಾಂಗ್‌ಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ವ್ಯತ್ಯಾಸ ಇರುವ ಕಡೆ ಹೇಳುತ್ತೇನೆ.

ಕಾರನ್ನು ಮೊದಲು ಅರ್ಥ ಮಾಡಿಕೊಳ್ಳಿ

ಮಸ್ಟ್ಯಾಂಗ್ 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವರ್ಲ್ಡ್ ಫೇರ್‌ನಲ್ಲಿ ಜನರ ಮುಂದೆ ಬಂತು. ಒಳಗಿನ ಮೈ ಮಾತ್ರ ಹಳೆಯದು. 1960ರ ಫೋರ್ಡ್ ಫಾಲ್ಕನ್ ಎಂಬ ಅಗ್ಗದ ಸಂಸಾರಸ್ಥರ ಕಾರಿನದು. ಲಾರಿಗೆ ಇರುವ ಹಾಗೆ ಇದಕ್ಕೆ ಬೇರೆ ಚಾಸಿ ಇಲ್ಲ. ತಗಡಿನ ಬಾಡಿಯೇ ಚಾಸಿ, ಅಂದರೆ ಯೂನಿಬಾಡಿ. ಮುಂದೆ ಎರಡು ರೈಲು (ಉದ್ದುದ್ದ ಹೋಗುವ ತಗಡಿನ ತೊಲೆ), ಹಿಂದೆ ಎರಡು ರೈಲು, ನಡುವೆ ಅವನ್ನು ಜೋಡಿಸುವುದು ನೆಲದ ತಗಡು ಮತ್ತು ಬಾಗಿಲ ಕೆಳಗಿನ ರಾಕರ್ ಪ್ಯಾನೆಲ್. ಅಷ್ಟೇ.

ಮುಂದಿನ ಸಸ್ಪೆನ್ಷನ್‌ನಲ್ಲಿ ಒಂದು ವಿಶೇಷ ಇದೆ. ಕಾಯಿಲ್ ಸ್ಪ್ರಿಂಗ್ ಕೂರುವುದು ಕೆಳಗಿನ ಆರ್ಮ್ (ಚಕ್ರವನ್ನು ಬಾಡಿಗೆ ಜೋಡಿಸುವ ಕೈ) ಮೇಲೆ ಅಲ್ಲ, ಮೇಲಿನ ಆರ್ಮ್ ಮೇಲೆ. ಸ್ಪ್ರಿಂಗಿನ ಇನ್ನೊಂದು ತುದಿ ಶಾಕ್ ಟವರಿನ ತಲೆಗೆ ಒತ್ತಿಕೊಂಡಿರುತ್ತದೆ. ಅಂದರೆ ಕಾರಿನ ಮುಂಭಾಗದ ಭಾರವೆಲ್ಲ, ಗುಂಡಿಗೆ ಬಿದ್ದಾಗಿನ ಪೆಟ್ಟೆಲ್ಲ, ಆ ತಗಡಿನ ಗೋಪುರದ ಮೂಲಕವೇ ಹೋಗಬೇಕು. ವರ್ಷಗಳು ಕಳೆದ ಹಾಗೆ ಎರಡು ಟವರ್‌ಗಳೂ ಎಂಜಿನ್ ಕಡೆಗೆ ವಾಲುತ್ತವೆ. ಹಿಂದೆ ಗಟ್ಟಿ ಆಕ್ಸಲ್, ಅದನ್ನು ಹೊತ್ತಿರುವುದು ಲೀಫ್ ಸ್ಪ್ರಿಂಗ್. ನಮ್ಮ ಅಂಬಾಸಿಡರ್ ಕಾರಿನ ಹಿಂದೆ ಇದ್ದದ್ದೂ ಇದೇ ಬಗೆಯದು. ಅದನ್ನು ಬಿಚ್ಚಿ ನೋಡಿದವರಿಗೆ ಮಸ್ಟ್ಯಾಂಗಿನ ಹಿಂಭಾಗ ಅಪರಿಚಿತ ಅನ್ನಿಸುವುದಿಲ್ಲ.

ಇಂಥ ಸಾಧಾರಣ ಕಾರನ್ನು ರೇಸ್ ಚಾಲಕರಾಗಿದ್ದು ಕಾರು ತಯಾರಿಕೆಗೆ ಇಳಿದ ಕ್ಯಾರಲ್ ಶೆಲ್ಬಿ ಅವರ ತಂಡ ಜಿಟಿ350 ಎಂಬ ವೇಗದ ಕಾರು ಮಾಡಿತು. ಅದರ ರೇಸ್ ಮಾದರಿ 1965ರ ಫೆಬ್ರವರಿ 14ರಂದು ಟೆಕ್ಸಾಸ್‌ನ ಗ್ರೀನ್ ವ್ಯಾಲಿ ಟ್ರ್ಯಾಕಿನಲ್ಲಿ ಮೊದಲ ರೇಸ್‌ಗೆ ಇಳಿಯಿತು, ಕೆನ್ ಮೈಲ್ಸ್ ಓಡಿಸಿ ಗೆದ್ದರು. ನಾಲ್ಕೂ ಚಕ್ರ ನೆಲ ಬಿಟ್ಟು ಹಾರುತ್ತಿರುವ ಅದರ ಫೋಟೋ ನೀವು ನೋಡಿರುತ್ತೀರಿ. ಆ ಕಾರಿಗೆ ಅವರು ಮಾಡಿದ ಕೆಲಸಗಳೇ ಇವತ್ತಿಗೂ ನಮಗೆ ದಾರಿ. ಯಾವುದೂ ಮಾಯಾಮಂತ್ರ ಅಲ್ಲ. ಮನೆಯ ಗ್ಯಾರೇಜಿನಲ್ಲಿ ಮಾಡಬಹುದಾದ ಕೆಲಸಗಳೇ ಜಾಸ್ತಿ.

ಒಂದು ಎಚ್ಚರಿಕೆ. ವಿಂಟೇಜ್ ರೇಸಿಂಗ್‌ನಲ್ಲಿ ಕಾರು ತನ್ನ ಕಾಲದ ಹಾಗೇ ಇರಬೇಕು ಅನ್ನುವುದು ಮೂಲ ನಿಯಮ. ಪ್ರತಿ ಕ್ಲಬ್ಬಿಗೂ ತನ್ನದೇ ಪುಸ್ತಕ ಇದೆ. ಯಾವ ಕ್ಲಬ್ಬಿನಲ್ಲಿ ಓಡಿಸುತ್ತೀರಿ ಅಂತ ಮೊದಲು ತೀರ್ಮಾನ ಮಾಡಿ, ಅದರ ನಿಯಮ ಓದಿ, ಆಮೇಲೆ ದುಡ್ಡು ಬಿಚ್ಚಿ. ಒಂದು ಕಡೆ ಒಪ್ಪುವ, ಸ್ಪ್ರಿಂಗೂ ಶಾಕೂ ಒಂದೇ ಜೋಡಣೆಯಲ್ಲಿರುವ ಕಾಯಿಲ್‌ಓವರ್ ಇನ್ನೊಂದು ಕಡೆ ಒಪ್ಪುವುದಿಲ್ಲ.

ಹೆಜ್ಜೆ 1: ತಗಡು ನೋಡಿ, ಅಳತೆ ತೆಗೆಯಿರಿ

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಮುಂದಿನ ಫೆಂಡರ್ ಬಿಚ್ಚಿದರೆ ಒಳ್ಳೆಯದು, ಬೆಳಕು ಚೆನ್ನಾಗಿ ಬೀಳುತ್ತದೆ. ಶಾಕ್ ಟವರ್ ಕೆಳಗಿನ ರೈಲಿಗೆ ಸೇರುವ ಜಾಗ, ಮೇಲಿನ ಆರ್ಮಿನ ಬೋಲ್ಟುಗಳ ಸುತ್ತ, ಸ್ಟ್ರಟ್ ರಾಡ್ (ಕೆಳ ಆರ್ಮನ್ನು ಹಿಂದೆ ಮುಂದೆ ಹೋಗದಂತೆ ಹಿಡಿಯುವ ಸರಳು) ಬಂದು ಸೇರುವ ಮುಂದಿನ ಬ್ರಾಕೆಟ್, ಸ್ಟಿಯರಿಂಗ್ ಬಾಕ್ಸ್ ಕೂರುವ ರೈಲು, ಹಿಂದೆ ಲೀಫ್ ಸ್ಪ್ರಿಂಗಿನ ಮುಂದಿನ ಕಣ್ಣು ಕೂರುವ ಜಾಗ, ಇಷ್ಟನ್ನೂ ವೈರ್ ಬ್ರಷ್‌ನಿಂದ ಬರಿ ತಗಡು ಕಾಣುವ ತನಕ ಉಜ್ಜಿ. ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಕಂಡರೆ ಅದು ಬಿರುಕು ಅಂತಲೇ ತಿಳಿಯಿರಿ. ವಿಂಡ್‌ಶೀಲ್ಡ್ ಕೆಳಗಿನ ಗಾಳಿಕಿಂಡಿಯ ತಗಡಿಗೂ ತುಕ್ಕು ಹಿಡಿಯುತ್ತದೆ. ಒಂದು ಚೊಂಬು ನೀರು ಹೊಯ್ದು ನೋಡಿ, ಒಳಗೆ ಕಾಲಿಡುವ ಜಾಗಕ್ಕೆ ಹನಿ ಬಿದ್ದರೆ ಅಲ್ಲಿ ತೂತಾಗಿದೆ.

ಈಗ ಅಳತೆ. ಗಾರೆ ಕೆಲಸದವರು ಗೋಡೆ ನೋಡಲು ಬಳಸುವ ತೂಗುಗುಂಡು ಇದ್ದರೆ ಸಾಕು. ಎರಡೂ ಬದಿಯ ಒಂದೇ ರೀತಿಯ ಬಿಂದುಗಳಿಂದ ಗುಂಡು ಇಳಿಬಿಟ್ಟು ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಕೆಳ ಆರ್ಮಿನ ಒಳ ಬೋಲ್ಟು, ಸ್ಟ್ರಟ್ ರಾಡ್ ಬ್ರಾಕೆಟ್, ಲೀಫ್ ಸ್ಪ್ರಿಂಗಿನ ಮುಂದಿನ ಬೋಲ್ಟು, ಲೀಫ್ ಸ್ಪ್ರಿಂಗಿನ ಹಿಂದಿನ ತುದಿ ಹಿಡಿಯುವ ಕೊಂಡಿ, ಅಂದರೆ ಶ್ಯಾಕಲ್. ಕಾರನ್ನು ಪಕ್ಕಕ್ಕೆ ತಳ್ಳಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ಎರಡು ಕರ್ಣಗಳ ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ನಾನು ಮುಂದೆ ಹೋಗುತ್ತೇನೆ. ಅದಕ್ಕಿಂತ ಜಾಸ್ತಿ ಇದ್ದರೆ ಆ ಕಾರು ಎಲ್ಲೋ ಗುದ್ದಿಸಿಕೊಂಡಿದೆ. ಫ್ರೇಮ್ ನೇರ ಮಾಡುವ ಅಂಗಡಿಗೆ ಒಯ್ಯಿರಿ. ಈ ಒಂದು ಕೆಲಸ ಬಿಟ್ಟರೆ ಮುಂದಿನ ಯಾವ ಅಲೈನ್‌ಮೆಂಟೂ ನಿಲ್ಲುವುದಿಲ್ಲ.

ಹೆಜ್ಜೆ 2: ಬಾಡಿಯನ್ನು ಬಿಗಿ ಮಾಡಿ

ಕಾಯಿಲ್ ಸ್ಪ್ರಿಂಗು, ಲೀಫ್ ಸ್ಪ್ರಿಂಗು ಗಟ್ಟಿ ಮಾಡಿ, ಅವನ್ನು ಹೊತ್ತಿರುವ ಬಾಡಿಯನ್ನು ಹಾಗೇ ಬಿಟ್ಟರೆ ಬಾಡಿಯೇ ಐದನೆಯ ಸ್ಪ್ರಿಂಗ್ ಆಗುತ್ತದೆ. ಅದಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲ ಅಲ್ವಾ? ನೀವು ಏನು ಬದಲಾಯಿಸಿದರೂ ಕಾರಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮುಂದೆ ಎರಡು ಭಾಗ ಹಾಕಿ. ಒಂದು ಎಕ್ಸ್‌ಪೋರ್ಟ್ ಬ್ರೇಸ್. ಹೊರದೇಶಕ್ಕೆ ಹೋಗುವ ಮಸ್ಟ್ಯಾಂಗ್‌ಗಳಿಗೆ ಫೋರ್ಡ್ ಹಾಕುತ್ತಿದ್ದ ಒಂದೇ ತುಂಡಿನ ಗಟ್ಟಿ ಪಟ್ಟಿ ಇದು, ಹೆಸರು ಬಂದದ್ದೂ ಹಾಗೇ. ಎರಡು ಟವರ್‌ಗಳನ್ನೂ ಹಿಂದಿನ ಕೌಲ್ ಗೋಡೆಗೆ (ವಿಂಡ್‌ಶೀಲ್ಡ್ ಕೆಳಗಿನ ತಗಡು) ಕಟ್ಟುತ್ತದೆ. ಇನ್ನೊಂದು ಮಾಂಟೆ ಕಾರ್ಲೋ ಬಾರ್, ಎಂಜಿನ್ ಮುಂದೆ ಅಡ್ಡಡ್ಡ ಬರುವ ಕೊಳವೆ. ಜಿಟಿ350ರಲ್ಲಿ ಇವೆರಡೂ ಇದ್ದವು. ಎಕ್ಸ್‌ಪೋರ್ಟ್ ಬ್ರೇಸ್ ಬೋಲ್ಟಿನ ತೂತಿಗೆ ಸರಿಯಾಗಿ ಕೂರದಿದ್ದರೆ ಫೈಲ್ ಹಿಡಿದು ತೂತು ದೊಡ್ಡದು ಮಾಡಬೇಡಿ. ಟವರ್‌ಗಳು ಒಳಕ್ಕೆ ವಾಲಿವೆ ಅಂತ ಅದು ನಿಮಗೆ ತೋರಿಸಿಕೊಡುತ್ತಿದೆ. ಅವನ್ನು ಜಾಕ್‌ನಿಂದ ನಿಧಾನವಾಗಿ ಹೊರಕ್ಕೆ ತಳ್ಳಿ, ಬ್ರೇಸ್ ತಾನಾಗಿ ಕೂರುವಷ್ಟು ಜಾಗಕ್ಕೆ ತಂದು ಬಿಗಿ ಮಾಡಿ.

ನಡುವೆ ಸಬ್‌ಫ್ರೇಮ್ ಕನೆಕ್ಟರ್. ಮುಂದಿನ ರೈಲನ್ನೂ ಹಿಂದಿನ ರೈಲನ್ನೂ ಜೋಡಿಸುವ ಚೌಕ ಕೊಳವೆ. ಬೋಲ್ಟಿನಲ್ಲಿ ಕೂರಿಸುವವೂ ಸಿಗುತ್ತವೆ, ನಾನು ವೆಲ್ಡಿಂಗ್ ಮಾಡುವವನ್ನೇ ಹಾಕುತ್ತೇನೆ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ಬಾಡಿಯಿಂದ ಎತ್ತಿ ನಿಲ್ಲಿಸಿ ವೆಲ್ಡ್ ಹೊಡೆಯುತ್ತಾರೆ. ಆಗ ಬಾಡಿ ಬಾಗಿರುತ್ತದೆ, ಬಾಗಿದ ಹಾಗೇ ಸೇರಿಕೊಂಡುಬಿಡುತ್ತದೆ, ಕಾರನ್ನು ಕೆಳಗೆ ಇಳಿಸಿದಾಗ ಬಾಗಿಲು ಮುಚ್ಚಲು ಬರುವುದಿಲ್ಲ. ಕಾರು ತನ್ನ ಚಕ್ರಗಳ ಮೇಲೇ ನಿಂತಿರಬೇಕು. ನಾಲ್ಕು ಚಕ್ರಗಳ ಕೆಳಗೆ ಗಟ್ಟಿ ರ‍್ಯಾಂಪ್ ಕೊಟ್ಟು ಎತ್ತರ ಮಾಡಿ, ಬ್ಯಾಟರಿ ವೈರ್ ಬಿಚ್ಚಿ, ಎರಡೂ ಬಾಗಿಲು ತೆಗೆದು ಮುಚ್ಚಿ ಸಂದು ಸರಿಯಾಗಿದೆಯಾ ನೋಡಿ, ಎರಡೂ ಬದಿ ಬದಲಾಯಿಸುತ್ತಾ ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡಿ, ಒಂದೇ ಕಡೆ ಬಿಸಿ ಮಾಡುತ್ತಾ ಕೂರಬೇಡಿ. ನಡುನಡುವೆ ಬಾಗಿಲ ಸಂದು ಮತ್ತೆ ನೋಡಿ.

ರೋಲ್ ಕೇಜ್ (ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಕೊಳವೆಗಳ ಗೂಡು) ಕೊಳವೆಯ ಅಳತೆ, ದಪ್ಪ, ನೆಲಕ್ಕೆ ಕೂರುವ ತಟ್ಟೆ, ಎಲ್ಲಾ ನಿಮ್ಮ ಕ್ಲಬ್ಬಿನ ಪುಸ್ತಕದಲ್ಲಿದೆ. ಅದನ್ನು ಅನುಭವ ಇರುವ ವೆಲ್ಡರ್ ಕೈಯಲ್ಲೇ ಮಾಡಿಸಿ. ಜೀವದ ಪ್ರಶ್ನೆ.

ಹೆಜ್ಜೆ 3: ಮೇಲಿನ ಆರ್ಮ್ ಕೆಳಗೆ ಇಳಿಸುವುದು

ಇದನ್ನು ಶೆಲ್ಬಿ ಡ್ರಾಪ್ ಅನ್ನುತ್ತಾರೆ. ಫೋರ್ಡ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಅವರ ಲೆಕ್ಕ ಇದು, ಆದ್ದರಿಂದ ಆರ್ನಿಂಗ್ ಡ್ರಾಪ್ ಅಂತಲೂ ಹೆಸರಿದೆ. ಖರ್ಚು ಒಂದು ಡ್ರಿಲ್ ಬಿಟ್ಟಿನದು. ಇಡೀ ಕಾರಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಡುವ ಕೆಲಸ ಬೇರೆ ಇಲ್ಲ.

ಏಕೆ ಬೇಕು? ಕಂಪನಿ ಕೊಟ್ಟ ಜಾಗದಲ್ಲಿ ಆರ್ಮ್ ಇದ್ದರೆ, ತಿರುವಿನಲ್ಲಿ ಬಾಡಿ ಹೊರಕ್ಕೆ ವಾಲಿದಾಗ ಹೊರಗಿನ ಚಕ್ರದ ತಲೆಯೂ ಹೊರಕ್ಕೆ ವಾಲುತ್ತದೆ. ಟೈರು ಅಂಚಿನ ಮೇಲೆ ಓಡುತ್ತದೆ, ಹಿಡಿತ ಹೋಗುತ್ತದೆ, ಮೂಗು ಹೊರಗೆ ಜಾರುತ್ತದೆ. ಆರ್ಮಿನ ಒಳ ತುದಿಯನ್ನು 1 ಇಂಚು ಕೆಳಗೆ ಇಳಿಸಿದರೆ, ಸಸ್ಪೆನ್ಷನ್ ಒತ್ತಿದಾಗ ಆರ್ಮಿನ ಹೊರ ತುದಿ ಮೇಲೇರುತ್ತಾ ಒಳಕ್ಕೆ ಎಳೆಯುತ್ತದೆ. ಚಕ್ರದ ತಲೆಯೂ ಜೊತೆಗೆ ಒಳಕ್ಕೆ ಬರುತ್ತದೆ. ಟೈರಿನ ಪೂರ್ತಿ ಅಗಲ ನೆಲಕ್ಕೆ ಕೂರುತ್ತದೆ. ಜೊತೆಗೆ ರೋಲ್ ಸೆಂಟರ್ (ಬಾಡಿ ವಾಲುವಾಗ ಯಾವ ಬಿಂದುವಿನ ಸುತ್ತ ತಿರುಗುತ್ತದೋ ಅದು) ಮೇಲೇರುವುದರಿಂದ ವಾಲುವುದೂ ಕಡಿಮೆ. ಕಾರಿನ ಮೂಗು ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ತಗ್ಗುತ್ತದೆ. 1965ರ ಜಿಟಿ350ಗಳಿಗೆ ಇದನ್ನು ಮಾಡಿದ್ದರು. 1966ರ ಮೊದಲ ಕೆಲವು ಕಾರುಗಳ ನಂತರ ಖರ್ಚು ಉಳಿಸಲು ಕೈಬಿಟ್ಟರು. ಆದ್ದರಿಂದ ಅಸಲಿ ಶೆಲ್ಬಿಯಲ್ಲೇ ಇಲ್ಲ ಅಂತ ಯಾರಾದರೂ ಹೇಳಿದರೆ, ಯಾವ ವರ್ಷದ ಶೆಲ್ಬಿ ಅಂತ ಕೇಳಿ.

ಮಾಡುವ ರೀತಿ ಹೀಗೆ. ಶಾಕ್ ಅಬ್ಸಾರ್ಬರ್ ಮತ್ತು ಅದರ ಮೇಲಿನ ಟೋಪಿ ತೆಗೆಯಿರಿ. ಟವರಿನ ಮೇಲಿನಿಂದ ಹಾಕುವ ಗಟ್ಟಿ ಸ್ಪ್ರಿಂಗ್ ಕಂಪ್ರೆಸರ್ ಬಳಸಿ ಸ್ಪ್ರಿಂಗ್ ಒತ್ತಿ ಹಿಡಿಯಿರಿ. ಸ್ಟ್ರಟ್ ಕಾರುಗಳಿಗೆ ಹೊರಗಿನಿಂದ ಕೊಕ್ಕೆ ಹಾಕುವ ಅಗ್ಗದ ಕಂಪ್ರೆಸರ್ ಇದಕ್ಕೆ ಸಲ್ಲದು. ಒತ್ತಿದ ಸ್ಪ್ರಿಂಗ್ ಜಾರಿದರೆ ಕೈ ಮುರಿಯುತ್ತದೆ, ಜೀವಕ್ಕೂ ಅಪಾಯ. ಅದರ ಎದುರಿಗೆ ಮುಖ ಒಡ್ಡಬೇಡಿ. ಸ್ಪ್ರಿಂಗ್ ಹೊರಗೆ ಬಂದ ಮೇಲೆ ಮೇಲಿನ ಆರ್ಮಿನ ಎರಡು ಬೋಲ್ಟು ಬಿಚ್ಚಿ. ಒಳಗಿರುವ ತೆಳು ತಗಡಿನ ತುಂಡು, ಅಂದರೆ ಶಿಮ್‌ಗಳನ್ನು ಯಾವ ಬೋಲ್ಟಿನದು ಅಂತ ಬರೆದು ಬೇರೆಬೇರೆ ಇಡಿ.

ಈಗ ತಗಡಿನ ಅಚ್ಚು. ಹಳೆಯ ತೂತಿನಿಂದ 1 ಇಂಚು ಕೆಳಗೆ, ಎಂಟನೇ ಒಂದು ಇಂಚು ಹಿಂದೆ ಹೊಸ ತೂತು ಬರಬೇಕು. ಅಚ್ಚು ಕೊಳ್ಳಲು ಸಿಗುತ್ತದೆ. ನಾವು ಅಲ್ಯೂಮಿನಿಯಂ ತುಂಡಿನಲ್ಲಿ ನಾವೇ ಮಾಡಿಕೊಂಡೆವು. ಎರಡೂ ಹಳೆಯ ತೂತಿಗೆ ಅಚ್ಚನ್ನು ಬೋಲ್ಟ್ ಹಾಕಿ ಅಲುಗಾಡದ ಹಾಗೆ ಕಟ್ಟಿ, ಪಂಚ್ ಹೊಡೆದು, ಮೊದಲು ಸಣ್ಣ ಬಿಟ್ಟಿನಲ್ಲಿ ತೂತು ಮಾಡಿ, ಮೆಲ್ಲಗೆ ದೊಡ್ಡದು ಮಾಡುತ್ತಾ 17/32 ಇಂಚಿಗೆ ತನ್ನಿ. ಬೋಲ್ಟು ಅರ್ಧ ಇಂಚಿನದು. ಒಂದೇ ಸಲ ದೊಡ್ಡ ಬಿಟ್ ಹಾಕಿದರೆ ಅದು ಜಾರುತ್ತದೆ, ತೂತು ಮೊಟ್ಟೆಯಾಕಾರಕ್ಕೆ ಬರುತ್ತದೆ. ಎಡ ಬಲ ಎರಡೂ ಒಂದೇ ಅಳತೆ ಇರಲೇಬೇಕು.

1 ಇಂಚಿಗಿಂತ ಕೆಳಗೆ ಹೋಗಬಹುದಾ? 1.75 ಇಂಚು ಇಳಿಸುವವರೂ ಇದ್ದಾರೆ. ಆಗ ಮೇಲಿನ ಬಾಲ್ ಜಾಯಿಂಟ್ (ಆರ್ಮಿನ ಹೊರ ತುದಿಯ ಗುಂಡು ಕೀಲು) ತನ್ನ ಕೊನೆಯ ಕೋನಕ್ಕೆ ತಾಗಿ ಕಚ್ಚಿಕೊಳ್ಳುತ್ತದೆ, ಅದಕ್ಕೆ ಓರೆ ತುಂಡು ಹಾಕಬೇಕು. ಮೊದಲ ಕಾರಿಗೆ 1 ಇಂಚೇ ಸಾಕು.

ಹೆಜ್ಜೆ 4: ಮುಂದಿನ ಕೀಲುಗಳು

ಎಲ್ಲ ಬುಷ್, ಎಲ್ಲ ಬಾಲ್ ಜಾಯಿಂಟ್, ಟೈ ರಾಡ್ (ಚಕ್ರವನ್ನು ತಿರುಗಿಸುವ ಸ್ಟಿಯರಿಂಗ್ ಸರಳು) ತುದಿಗಳು ಹೊಸದಾಗಲಿ. ನೋಡಲಿಕ್ಕೆ ಚೆನ್ನಾಗಿದೆ ಅಂತ ಹಳೆಯದನ್ನು ಉಳಿಸಬೇಡಿ.

ರಬ್ಬರ್ ಬುಷ್ ಹಾಕುವುದಾದರೆ ಒಂದು ಮಾತು ಮನಸ್ಸಿನಲ್ಲಿರಲಿ. ಬೋಲ್ಟುಗಳನ್ನು ಕಾರು ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿ ಮಾಡಬಾರದು. ರಬ್ಬರು ಆ ಕೋನದಲ್ಲೇ ಹಿಡಿದುಕೊಳ್ಳುತ್ತದೆ. ಕಾರು ಇಳಿಸಿದಾಗ ಹಗ್ಗ ಹುರಿ ಮಾಡಿದ ಹಾಗೆ ತಿರುಚಿಕೊಂಡು ಕೂರುತ್ತದೆ, ಬೇಗ ಹರಿಯುತ್ತದೆ, ಕಾರಿನ ಎತ್ತರವೂ ಸುಳ್ಳಾಗುತ್ತದೆ. ಸುಮ್ನೆ ಕೈ ಬಿಗಿ ಮಾಡಿ, ಚಕ್ರದ ಮೇಲೆ ಭಾರ ಬಂದ ಮೇಲೆ ಟಾರ್ಕ್ ರೆಂಚ್ ಹಾಕಿ. ನಮ್ಮ ಕಾರಿಗೆ ಮೊದಲ ಸಲ ಬುಷ್ ಹಾಕಿಕೊಟ್ಟ ಒಂದು ಅಂಗಡಿಯಲ್ಲಿ ಇದನ್ನು ಮಾಡಿರಲಿಲ್ಲ. ಒಂದೇ ಸೀಸನ್‌ನಲ್ಲಿ ನಾಲ್ಕೂ ಬುಷ್ ಹೋಗಿದ್ದವು.

ಸ್ಟ್ರಟ್ ರಾಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೆಳಗಿನ ಆರ್ಮ್ ಒಂಟಿ ಕೈ, ಅದು ಹಿಂದೆ ಮುಂದೆ ಹೋಗದಂತೆ ಹಿಡಿಯುವುದು ಈ ರಾಡ್. ಮುಂದಿನ ತುದಿಯಲ್ಲಿ ಎರಡು ದಪ್ಪ ರಬ್ಬರ್ ಬುಷ್. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಎಳೆಯುತ್ತದೆ, ರಬ್ಬರು ಅಮುಕುತ್ತದೆ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಳೆಯುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಬದಲಾಗುತ್ತದೆ, ಸ್ಟಿಯರಿಂಗ್ ಆ ಕಡೆ ಈ ಕಡೆ ಹೊಯ್ದಾಡುತ್ತದೆ. ಪರಿಹಾರ ಅಂತ ಕೆಲವರು ಗಟ್ಟಿ ಪಾಲಿಯುರಿಥೇನ್ ಬುಷ್ ಹಾಕುತ್ತಾರೆ. ಹಾಕಬೇಡಿ. ರಾಡ್ ಮೇಲೆ ಕೆಳಗೆ ಆಡಬೇಕು, ಗಟ್ಟಿ ಬುಷ್ ಅದಕ್ಕೆ ಬಿಡುವುದಿಲ್ಲ, ರಾಡ್ ತನ್ನ ತ್ರೆಡ್ ಶುರುವಾಗುವ ಜಾಗದಲ್ಲೇ ಬಾಗಿ ಬಾಗಿ ಕೊನೆಗೆ ಮುರಿಯುತ್ತದೆ. 160 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಾಗ ಅದು ಮುರಿದರೆ ಏನಾಗುತ್ತದೆ ಅಂತ ಯೋಚಿಸಿ. ಕ್ಲಬ್ ಒಪ್ಪಿದರೆ ಹೈಮ್ ಜಾಯಿಂಟ್ (ಲೋಹದ ಗುಂಡು ಕೀಲು) ಇರುವ ರಾಡ್ ಹಾಕಿ, ಒಪ್ಪದಿದ್ದರೆ ಹೊಸ ರಬ್ಬರ್ ಬುಷ್ ಹಾಕಿ, ವರ್ಷಕ್ಕೊಮ್ಮೆ ಬದಲಾಯಿಸಿ. ಹೈಮ್ ಜಾಯಿಂಟಿನ ಎರಡೂ ಬದಿ ಅದರ ಗುಂಡಿಗಿಂತ ಅಗಲವಾದ ವಾಷರ್ ಇರಲಿ. ಗುಂಡು ಕಿತ್ತು ಬಂದರೂ ರಾಡ್ ಕಳಚಿ ಹೋಗಬಾರದು.

ಮೇಲಿನ ಆರ್ಮ್ ಮೇಲೆ ಸ್ಪ್ರಿಂಗ್ ಕೂರುವ ಪರ್ಚ್‌ನಲ್ಲೂ ರಬ್ಬರ್ ಇದೆ. ಅದು ತಿರುಚಿಕೊಂಡು ತಾನೇ ಒಂದು ಸ್ಪ್ರಿಂಗಿನ ಹಾಗೆ ಆಡುತ್ತದೆ. ಬೇರಿಂಗ್ ಇರುವ ರೋಲರ್ ಪರ್ಚ್ ಹಾಕಿದರೆ ಆರ್ಮ್ ಬೆರಳಲ್ಲಿ ಎತ್ತಿದರೂ ಸರಾಗವಾಗಿ ಆಡುತ್ತದೆ. ಹೊರಗೆ ಕಾಣದ ಭಾಗ ಇದು, ಆದರೆ ಓಡಿಸುವವರಿಗೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 5: ಸ್ಪ್ರಿಂಗ್, ಶಾಕ್, ಆಂಟಿ ರೋಲ್ ಬಾರ್

ಮಸ್ಟ್ಯಾಂಗ್ ಲೋಕದಲ್ಲಿ "620 ಸ್ಪ್ರಿಂಗ್" ಎಂಬ ಮಾತು ಪದೇ ಪದೇ ಕೇಳುತ್ತೀರಿ. ಒಂದು ಇಂಚು ಒತ್ತಲು 620 ಪೌಂಡ್ ಭಾರ ಬೇಕು ಅಂತ ಅರ್ಥ. ಸಂಖ್ಯೆ ಕೇಳಿ ಹೆದರಬೇಡಿ. ಸ್ಪ್ರಿಂಗ್ ಕೂರುವುದು ಹೆಚ್ಚುಕಡಿಮೆ ಆರ್ಮಿನ ನಡುವೆ. ಚಕ್ರ 1 ಇಂಚು ಏರಿದರೆ ಸ್ಪ್ರಿಂಗ್ ಒತ್ತುವುದು ಅರ್ಧ ಇಂಚು. ಸನ್ನೆಯ ಲೆಕ್ಕ ಎರಡು ಸಲ ಬರುತ್ತದೆ, ಅರ್ಧದಲ್ಲಿ ಅರ್ಧ. ಹಾಗಾಗಿ ಚಕ್ರಕ್ಕೆ ಸಿಗುವುದು ಸುಮಾರು ಕಾಲು ಭಾಗ, ಇಂಚಿಗೆ 155 ಪೌಂಡ್ ಆಸುಪಾಸು. ರಸ್ತೆಗೂ ಟ್ರ್ಯಾಕಿಗೂ ಎರಡಕ್ಕೂ ಓಡಿಸುವ ಕಾರಿಗೆ ಅಲ್ಲಿಂದ ಶುರು ಮಾಡಿ. ಬರೀ ಟ್ರ್ಯಾಕಿನ ಕಾರಿಗೆ ಇನ್ನೂ ಗಟ್ಟಿ ಹೋಗಬಹುದು.

ಎತ್ತರ ತಗ್ಗಿಸಲು ಸ್ಪ್ರಿಂಗನ್ನು ಗ್ಯಾಸ್ ಟಾರ್ಚ್‌ನಿಂದ ಕಾಯಿಸುವ ಹಳೆಯ ಅಭ್ಯಾಸ ಒಂದಿದೆ. ಅದು ಉಕ್ಕಿನ ಹದವನ್ನೇ ಕೊಲ್ಲುತ್ತದೆ. ಕತ್ತರಿಸಲೇಬೇಕಾದರೆ ಗ್ರೈಂಡರ್ ಬಳಸಿ, ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ಬೇಡ. ಸುತ್ತು ಕಡಿಮೆ ಆದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಶಾಕ್‌ಗೆ ಜಿಟಿ350ರಲ್ಲಿ ಕೋನಿ ಕಂಪನಿಯದು ಇತ್ತು, ಇವತ್ತೂ ಅದೇ ನನ್ನ ಮೊದಲ ಆಯ್ಕೆ. ಆಂಟಿ ರೋಲ್ ಬಾರ್, ಅಂದರೆ ತಿರುವಿನಲ್ಲಿ ಬಾಡಿ ವಾಲದಂತೆ ಹಿಡಿಯುವ ಸರಳು, ಮುಂದೆ 1 ಇಂಚು ದಪ್ಪದ್ದು. ಹಿಂದಕ್ಕೆ ಬಾರ್ ಹಾಕುವ ಆತುರ ಬೇಡ. ಹಿಂದಿನ ಬಾರ್ ಗಟ್ಟಿಯಾದಷ್ಟೂ ತಿರುವಿನ ಒಳಗಿನ ಹಿಂದಿನ ಚಕ್ರ ಹಗುರವಾಗಿ ಸುಮ್ನೆ ಸುತ್ತುತ್ತದೆ, ಎಂಜಿನ್ ಶಕ್ತಿಯೆಲ್ಲ ಹೊಗೆಯಾಗಿ ಹೋಗುತ್ತದೆ.

ಹೆಜ್ಜೆ 6: ಹಿಂದಿನ ಆಕ್ಸಲ್

ಲೀಫ್ ಸ್ಪ್ರಿಂಗಿಗೆ ಎರಡು ಕೆಲಸ. ಭಾರ ಹೊರಬೇಕು, ಆಕ್ಸಲ್ ಅನ್ನು ಜಾಗದಲ್ಲಿ ಹಿಡಿಯಲೂ ಬೇಕು. ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಎರಡರಲ್ಲೂ ಸೋಲುತ್ತದೆ. ಆಕ್ಸಲರೇಟರ್ ಒತ್ತಿದಾಗ, ಬ್ರೇಕ್ ಒತ್ತಿದಾಗ ಆಕ್ಸಲ್ ತಿರುಚಿಕೊಳ್ಳುತ್ತದೆ, ಲೀಫ್ ಎಸ್ ಆಕಾರಕ್ಕೆ ಬಾಗುತ್ತದೆ, ಬಿಟ್ಟಾಗ ಪುಟಿಯುತ್ತದೆ. ಚಕ್ರ ಕುಪ್ಪಳಿಸುವುದು ಅದಕ್ಕೇ.

ಇದನ್ನು ತಡೆಯಲು ಶೆಲ್ಬಿ ತಂಡ ಆಕ್ಸಲಿನ ಮೇಲಿನಿಂದ ಕಾರಿನ ನೆಲದೊಳಗೆ ಹೋಗುವ ಟ್ರ್ಯಾಕ್ಷನ್ ಬಾರ್ ಹಾಕಿತು. ನೆಲ ಕತ್ತರಿಸಬೇಕು, ಪೆಟ್ಟಿಗೆ ವೆಲ್ಡ್ ಮಾಡಬೇಕು, ಕೆಲಸ ಜಾಸ್ತಿ, ಆದರೆ ಆ ಕಾಲದ್ದೇ ವಿಧಾನ, ಕ್ಲಬ್‌ಗಳು ಒಪ್ಪುತ್ತವೆ. ಲೀಫ್ ಕೆಳಗೆ ಕಟ್ಟುವ ಸ್ಲ್ಯಾಪರ್ ಬಾರ್ ಡ್ರ್ಯಾಗ್ ರೇಸಿಗೆ ಸರಿ, ತಿರುವಿರುವ ಟ್ರ್ಯಾಕಿಗೆ ಬೇಡ. ಜೊತೆಗೆ ಆಕ್ಸಲ್ ತೀರಾ ಕೆಳಗೆ ಜೋತು ಬೀಳದಂತೆ ಎರಡು ಕೇಬಲ್ ಕಟ್ಟಿ, ಅದೂ ಜಿಟಿ350ರದ್ದೇ ಉಪಾಯ.

ಅಡ್ಡ ಅಲುಗಾಟಕ್ಕೆ ಪ್ಯಾನ್‌ಹಾರ್ಡ್ ರಾಡ್. ಒಂದು ತುದಿ ಆಕ್ಸಲಿಗೆ, ಇನ್ನೊಂದು ಬಾಡಿಗೆ. ಸಾಧ್ಯವಾದಷ್ಟು ಉದ್ದ ಇರಲಿ, ಕಾರು ನಿಂತಾಗ ನೆಲಕ್ಕೆ ಸಮಾಂತರವಾಗಿರಲಿ. ಅದು ಕಂಸದಲ್ಲಿ ತಿರುಗುವುದರಿಂದ ಆಕ್ಸಲನ್ನು ಚೂರು ಪಕ್ಕಕ್ಕೆ ಎಳೆಯುತ್ತದೆ, ಉದ್ದ ಇದ್ದಷ್ಟೂ ಆ ಎಳೆತ ಕಡಿಮೆ. ಲೀಫ್ ತನ್ನ ದಾರಿ ಹಿಡಿಯುತ್ತದೆ, ರಾಡ್ ತನ್ನ ದಾರಿ. ಆದ್ದರಿಂದ ಪ್ಯಾನ್‌ಹಾರ್ಡ್ ಹಾಕಿದವರು ಲೀಫ್ ಕಣ್ಣಿಗೆ ಗಟ್ಟಿ ಅಲ್ಯೂಮಿನಿಯಂ ಬುಷ್ ಹಾಕಬೇಡಿ, ಎರಡೂ ಜಗಳಕ್ಕೆ ಬಿದ್ದು ಸಸ್ಪೆನ್ಷನ್ ಸಿಕ್ಕಿಕೊಳ್ಳುತ್ತದೆ. ವಾಟ್ಸ್ ಲಿಂಕ್‌ಗೆ ಈ ತೊಂದರೆ ಇಲ್ಲ, ಅದು ಆಕ್ಸಲನ್ನು ನೇರ ಮೇಲೆ ಕೆಳಗೆ ಬಿಡುತ್ತದೆ. ಖರ್ಚು, ಭಾರ ಎರಡೂ ಜಾಸ್ತಿ.

ಸಾಧಾರಣ ವಿ8 ಕಾರಿಗೆ ಫೋರ್ಡ್ 8 ಇಂಚಿನ ಡಿಫರೆನ್ಷಿಯಲ್ ಕೊಟ್ಟಿತ್ತು. ರೇಸಿಗೆ 9 ಇಂಚಿನದ್ದೇ ಬೇಕು, 31 ಸ್ಪ್ಲೈನ್ (ತುದಿಯ ಹಲ್ಲು) ಆಕ್ಸಲ್ ಜೊತೆಗೆ. ಮೂಲ ವಿನ್ಯಾಸದಲ್ಲಿ ಆಕ್ಸಲ್ ಮುರಿದರೆ ಚಕ್ರವೂ ಜೊತೆಗೆ ಹೊರಗೆ ಹೋಗುತ್ತದೆ. ಕ್ಲಬ್ ಒಪ್ಪಿದರೆ ಆಗಲೂ ಚಕ್ರ ಕಳಚದ ಫ್ಲೋಟರ್ ಹಬ್ ಹಾಕಿ.

ಹೆಜ್ಜೆ 7: ಈಗ ವೀಲ್

ವಿ8 ಮಸ್ಟ್ಯಾಂಗಿಗೆ 5 ಬೋಲ್ಟ್, 4.5 ಇಂಚಿನ ವೃತ್ತ, ಅಂದರೆ 114.3 ಮಿ.ಮೀ. 6 ಸಿಲಿಂಡರ್ ಕಾರಿಗೆ 4 ಬೋಲ್ಟ್. ಜಿಟಿ350ರ ರೇಸ್ ಮಾದರಿಗೆ ಅಮೆರಿಕನ್ ರೇಸಿಂಗ್ ಕಂಪನಿಯ 15x7 ಇಂಚಿನ (ವ್ಯಾಸ 15, ಅಗಲ 7) ಐದು ಕಡ್ಡಿಯ ವೀಲ್ ಬರುತ್ತಿತ್ತು. 1966ರಲ್ಲಿ ಅಮೆರಿಕದಲ್ಲಿ ಶುರುವಾದ ಟ್ರಾನ್ಸ್-ಆಮ್ ರೇಸ್ ಸರಣಿಯ ಮುಂದಿನ ವರ್ಷಗಳ ಕಾರುಗಳಲ್ಲಿ 15x8ರ ಮಿನಿಲೈಟ್ ಎಂಬ ವೀಲ್ ಕಾಣುತ್ತದೆ. 1965–66ರ ಬಾಡಿಗೆ ನನ್ನ ಆಯ್ಕೆ 15x7. ಫೆಂಡರ್ ಕತ್ತರಿಸದೆ ಕೂರುತ್ತದೆ, ನೋಡಲಿಕ್ಕೂ ಆ ಕಾಲದ ಹಾಗೇ ಇರುತ್ತದೆ.

ಬ್ಯಾಕ್‌ಸ್ಪೇಸ್ ಲೆಕ್ಕ ಅರ್ಥ ಮಾಡಿಕೊಳ್ಳಿ. ವೀಲನ್ನು ಬೋರಲು ಹಾಕಿ, ಹಿಂದಿನ ಅಂಚಿನ ಮೇಲೆ ನೇರ ಪಟ್ಟಿ ಇಟ್ಟು, ಅಲ್ಲಿಂದ ಹಬ್ಬಿಗೆ ಕೂರುವ ಮೈತನಕ ಅಳೆಯಿರಿ. 7 ಇಂಚಿನ ವೀಲ್ ಅಂಚಿನಿಂದ ಅಂಚಿಗೆ ಸುಮಾರು 8 ಇಂಚು ಬರುತ್ತದೆ, ಏಕೆಂದರೆ 7 ಅನ್ನುವುದು ಟೈರು ಕೂರುವ ಒಳ ಅಳತೆ. ಆಫ್‌ಸೆಟ್ ಸೊನ್ನೆ ಇದ್ದರೆ, ಅಂದರೆ ಹಬ್ಬಿಗೆ ಕೂರುವ ಮೈ ವೀಲಿನ ಸರಿ ನಡುವೆ ಇದ್ದರೆ, ಬ್ಯಾಕ್‌ಸ್ಪೇಸ್ 4 ಇಂಚು. ಕೊಳ್ಳುವ ಮುಂಚೆ ಸ್ಪ್ರಿಂಗ್ ತೆಗೆದಿಟ್ಟು, ಯಾರದಾದರೂ ವೀಲ್ ಎರವಲು ತಂದು ಹಾಕಿ, ಜಾಕ್‌ನಿಂದ ಸಸ್ಪೆನ್ಷನ್ ಪೂರ್ತಿ ಮೇಲೆತ್ತಿ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೆಲ್ಲಿ ಎಷ್ಟು ಸಂದು ಇದೆ ಅಂತ ಬರೆದುಕೊಳ್ಳಿ. ನಾವು ಮೊದಲೇ ಇದನ್ನು ಮಾಡಿದ್ದರೆ ಒಂದು ಸೆಟ್ ವೀಲಿನ ದುಡ್ಡು ಉಳಿಯುತ್ತಿತ್ತು.

1960ರ ದಶಕದ ಅಸಲಿ ಮೆಗ್ನೀಷಿಯಂ ವೀಲ್ ಸಿಕ್ಕರೆ ಸಂತೋಷ, ಗೋಡೆಗೆ ನೇತುಹಾಕಿ. ಮೆಗ್ನೀಷಿಯಂ ಒಳಗಿಂದೊಳಗೆ ಸವೆದು ಬಿರುಕು ಬಿಡುತ್ತದೆ. ಓಡಿಸುವುದಕ್ಕೆ ಅದೇ ಆಕಾರದ ಹೊಸ ಅಲ್ಯೂಮಿನಿಯಂ ವೀಲ್ ತನ್ನಿ. ಅದನ್ನೂ ವರ್ಷಕ್ಕೊಮ್ಮೆ ಬಣ್ಣದ ದ್ರಾವಣ ಹಚ್ಚಿ ಬಿರುಕು ಹುಡುಕುವ ಪರೀಕ್ಷೆಗೆ ಕೊಡಿ.

ನಟ್ಟಿನ ವಿಷಯದಲ್ಲಿ ಅಸಡ್ಡೆ ಬೇಡ. ವೀಲಿನ ತೂತು ಶಂಕುವಿನ ಆಕಾರದ್ದಾದರೆ ಶಂಕು ನಟ್ಟು, ನೇರ ತೂತಾದರೆ ವಾಷರ್ ಇರುವ ಉದ್ದ ಕತ್ತಿನ ನಟ್ಟು. ಅದಲು ಬದಲು ಆದರೆ ಬಿಗಿ ಮಾಡಿದ ಹಾಗೆ ಅನ್ನಿಸುತ್ತದೆ, ಆದರೆ ಸಡಿಲಾಗುತ್ತದೆ. ಉದ್ದ ಸ್ಟಡ್ ಹಾಕಿ, ಎರಡೂ ಕಡೆ ಬಾಯಿ ಇರುವ ಉಕ್ಕಿನ ನಟ್ಟು ಹಾಕಿ, ಸ್ಟಡ್ಡಿನ ತುದಿ ಹೊರಗೆ ಕಾಣಬೇಕು. ಅರ್ಧ ಇಂಚಿನ ಸ್ಟಡ್ಡಿಗೆ ನಾನು 90 ಅಡಿ-ಪೌಂಡ್ ಟಾರ್ಕ್ ಕೊಡುತ್ತೇನೆ, ಅಂದರೆ ಸುಮಾರು 122 ನ್ಯೂಟನ್ ಮೀಟರ್.

ಹೆಜ್ಜೆ 8: ಅಲೈನ್‌ಮೆಂಟ್ ಮತ್ತು ತೂಕ

ಓಡಿಸುವವರು ಸೀಟಿನಲ್ಲಿ ಕೂತಿರಲಿ, ಅಥವಾ ಅಷ್ಟೇ ತೂಕದ ಮರಳು ಚೀಲ ಇಡಿ. ಪೆಟ್ರೋಲ್ ಅರ್ಧ ಟ್ಯಾಂಕ್.

ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೆ (ಮೈನಸ್) ಅಥವಾ ಹೊರಕ್ಕೆ ವಾಲಿರುವ ಕೋನ, ಎಷ್ಟು ಅನ್ನುವುದು ಟೈರಿನ ಮೇಲೆ ನಿಂತಿದೆ. ಹಳೆಯ ಬಯಸ್-ಪ್ಲೈ ಟೈರಿಗೆ ಮೈನಸ್ 1 ಡಿಗ್ರಿ ಆಸುಪಾಸು ಸಾಕು. ರೇಡಿಯಲ್ ಟೈರಿಗೆ ಮೈನಸ್ 2 ಅಥವಾ ಇನ್ನೂ ಜಾಸ್ತಿ. ಕ್ಯಾಸ್ಟರ್ ಪ್ಲಸ್ 3 ಡಿಗ್ರಿಯಿಂದ ಶುರು ಮಾಡಿ. ಟೋ ಹೊರಕ್ಕೆ 1/16 ಇಂಚು. 1965–66ರ ಕಾರಿನಲ್ಲಿ ಕ್ಯಾಂಬರ್ ಹೊಂದಿಸುವುದು ಮೇಲಿನ ಆರ್ಮಿನ ಶಿಮ್‌ನಿಂದ. ಎರಡೂ ಬೋಲ್ಟಿನಿಂದ ಸಮನಾಗಿ ಶಿಮ್ ತೆಗೆದರೆ ಚಕ್ರದ ತಲೆ ಒಳಕ್ಕೆ ಬರುತ್ತದೆ. 1967ರಿಂದ ಈಚೆಗೆ ಕೆಳ ಆರ್ಮಿನ ಬೋಲ್ಟಿನಲ್ಲೇ ಎಕ್ಸೆಂಟ್ರಿಕ್ (ತಿರುಗಿಸಿದರೆ ಆರ್ಮನ್ನು ಸರಿಸುವ ಓರೆ ಕೇಂದ್ರದ ತಟ್ಟೆ) ಇದೆ. ಹೊಂದಿಸಬಹುದಾದ ಸ್ಟ್ರಟ್ ರಾಡ್ ಇದ್ದರೆ ಅದನ್ನು ಗಿಡ್ಡ ಮಾಡಿ, ಕೆಳ ಬಾಲ್ ಜಾಯಿಂಟ್ ಮುಂದಕ್ಕೆ ಬಂದು ಕ್ಯಾಸ್ಟರ್ ಏರುತ್ತದೆ.

ಬಂಪ್ ಸ್ಟಿಯರ್ (ಚಕ್ರ ಏರಿಳಿದಾಗ ಟೋ ತಾನಾಗಿ ಬದಲಾಗುವುದು) ನೋಡುವುದನ್ನು ಮರೆಯಬೇಡಿ. ಸ್ಪ್ರಿಂಗ್ ಇಲ್ಲದೆ ಸಸ್ಪೆನ್ಷನ್ ಅನ್ನು ಅರ್ಧರ್ಧ ಇಂಚು ಏರಿಸಿ ಇಳಿಸಿ, 2 ಇಂಚು ಮೇಲೆ, 2 ಇಂಚು ಕೆಳಗೆ, ಪ್ರತಿ ಸಲ ಟೋ ಎಷ್ಟು ಬದಲಾಯಿತು ಬರೆಯಿರಿ. ಟೈ ರಾಡಿನ ಹೊರ ತುದಿಯ ಎತ್ತರವನ್ನು ಒಂದೊಂದೇ ಸ್ಪೇಸರ್ ಹಾಕಿ ಬದಲಾಯಿಸಿ, ಮತ್ತೆ ಅಳೆಯಿರಿ. ಬೇಸರದ ಕೆಲಸ, ಇಡೀ ದಿನ ಬೇಕು. ಮಾಡಿ.

ನಾಲ್ಕು ತೂಕದ ತಟ್ಟೆ ಬಾಡಿಗೆಗೆ ಸಿಗುತ್ತವೆ. ಎಡ ಮುಂದಿನ, ಬಲ ಹಿಂದಿನ ಚಕ್ರಗಳ ತೂಕ ಕೂಡಿದರೆ ಒಟ್ಟು ತೂಕದ 50 ಶೇಕಡಾ ಬರಬೇಕು. ಮುಂದಿನ ಸ್ಪ್ರಿಂಗ್ ಮೇಲೆ ಸ್ಪೇಸರ್ ಹಾಕಿ ಹೊಂದಿಸಿ. ತೂಕ ಬದಲಾದರೆ ಅಲೈನ್‌ಮೆಂಟ್ ಮತ್ತೆ ನೋಡಬೇಕು.

ಹೆಜ್ಜೆ 9: ಮೊದಲ ದಿನ ಟ್ರ್ಯಾಕಿನಲ್ಲಿ

ಸಸ್ಪೆನ್ಷನ್‌ನ ಪ್ರತಿ ನಟ್ಟಿನ ಮೇಲೂ ಬೋಲ್ಟಿಗೆ ತಾಗುವ ಹಾಗೆ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಮೂರು ಸುತ್ತು ನಿಧಾನವಾಗಿ ಓಡಿಸಿ ಒಳಗೆ ಬನ್ನಿ. ವೀಲ್ ನಟ್ಟು ಮತ್ತೆ ಟಾರ್ಕ್ ಮಾಡಿ, ಕೆಳಗೆ ಮಲಗಿ ಗೆರೆಗಳನ್ನೆಲ್ಲ ನೋಡಿ, ಟೈರು ಎಲ್ಲಾದರೂ ಉಜ್ಜಿದ ಗುರುತಿದೆಯಾ ನೋಡಿ.

ಆಮೇಲೆ ಐದಾರು ಸುತ್ತು ಜೋರಾಗಿ. ಪಿಟ್‌ಗೆ ಬಂದ ತಕ್ಷಣ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚು, ಮೂರು ಕಡೆ ಸೂಜಿಯ ಥರ್ಮಾಮೀಟರ್ ಚುಚ್ಚಿ ಬರೆಯಿರಿ. ಮುಂದಿನ ಟೈರಿನ ಹೊರ ಅಂಚು ಜಾಸ್ತಿ ಬಿಸಿ ಇದ್ದರೆ ಕ್ಯಾಂಬರ್ ಸಾಲದು. ಒಳ ಅಂಚು ಸ್ವಲ್ಪ ಬಿಸಿ ಇದ್ದರೆ ಸರಿ. ನಡು ಮಾತ್ರ ಬಿಸಿ ಇದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಬಿಸಿಯಾಗಿ ನಡು ತಣ್ಣಗಿದ್ದರೆ ಗಾಳಿ ಕಡಿಮೆ. ಮೂಗು ಹೊರಗೆ ಜಾರುತ್ತದೆ, ಬಾಲ ಜಾರುತ್ತದೆ ಅಂತ ಓಡಿಸುವವರು ಹೇಳುವುದನ್ನೂ ಅದೇ ಹಾಳೆಯಲ್ಲಿ, ಯಾವ ತಿರುವಿನಲ್ಲಿ, ಬ್ರೇಕ್ ಒತ್ತಿದಾಗಲಾ, ಬಿಟ್ಟಾಗಲಾ, ಆಕ್ಸಲರೇಟರ್ ಕೊಟ್ಟಾಗಲಾ ಅಂತ ಬಿಡಿಸಿ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಗಾಳಿ ಬದಲಾಯಿಸಿ ನೋಡಿ, ಆಮೇಲೆ ಶಾಕ್, ಆಮೇಲೆ ಬಾರ್. ಸ್ಪ್ರಿಂಗಿಗೆ ಕೈ ಹಾಕುವುದು ಮನೆಗೆ ವಾಪಸ್ ಬಂದ ಮೇಲೆ.